ಪೂಲ್ ಕ್ಯೂವಿನ ಹಿಡಿಕೆಗೆ ಏನು ಸುತ್ತಿಸುವುದು? ಮಲೆನಾಡಿನ ಆಟಗಾರರಿಗೊಂದು ಕೈಪಿಡಿ

ಸ್ನೂಕರ್ ಮೇಜಿನ ಮೇಲೆ ಆಟ ಕಲಿತವರಿಗೆ ಪೂಲ್ ಕ್ಯೂವಿನ, ಅಂದರೆ ಚೆಂಡು ಹೊಡೆಯುವ ಕೋಲಿನ, ಹಿಡಿಕೆ ಮೊದಲ ನೋಟಕ್ಕೆ ಬರೀ ಶೋಕಿಯಾಗಿ ಕಾಣುತ್ತದೆ. ಸ್ನೂಕರ್ ಕ್ಯೂವಿಗೆ ಸಾಮಾನ್ಯವಾಗಿ ಸುತ್ತು ಎಂಬುದೇ ಇರುವುದಿಲ್ಲ. ಆಶ್ ಅಥವಾ ಮೇಪಲ್ ಮರ ನೇರವಾಗಿ ಅಂಗೈಗೆ ತಾಗುತ್ತದೆ. ಹೀಗಾಗಿ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಪಾರ್ಲರಿನ ಕ್ಯೂ ಹಿಡಿದು ಆಡುತ್ತ ಆಡುತ್ತ ಸ್ವಂತದ್ದೊಂದನ್ನು ಕೊಳ್ಳುವ ಹಂತಕ್ಕೆ ಬಂದವರಿಗೆ ಗೊಂದಲ ಶುರುವಾಗುವುದು ಹಿಡಿಕೆಯಲ್ಲೇ. ದಾರ ಸುತ್ತಿದ್ದು ಬೇಕೋ, ಚರ್ಮದ್ದೋ, ರಬ್ಬರಿನದೋ, ಏನೂ ಇಲ್ಲದ್ದೋ? ಮಾರುವವರು ದುಬಾರಿಯದನ್ನು ಹೊಗಳುತ್ತಾರೆ. ಅಮೆರಿಕದ ಆಟಗಾರರ ವಿಡಿಯೋ ನೋಡಿ ತೀರ್ಮಾನಿಸುವವರೂ ಇದ್ದಾರೆ. ಅಲ್ಲಿನ ಹವಾನಿಯಂತ್ರಿತ ಹಾಲ್ ಬೇರೆ, ಜುಲೈ ತಿಂಗಳ ಮೂಡಿಗೆರೆ ಬೇರೆ.

ಸುತ್ತಿನ ಕೆಲಸ ಏನು ಎನ್ನುವುದು ಸ್ಪಷ್ಟವಾದರೆ ಅರ್ಧ ಆಯ್ಕೆ ಮುಗಿದಂತೆ. ಕ್ಯೂವನ್ನು ಸಡಿಲವಾಗಿ ಹಿಡಿದು ಆಡಬೇಕು ಎಂದು ಎಲ್ಲರೂ ಹೇಳಿಕೊಡುತ್ತಾರೆ. ಹೇಳುವುದು ಸುಲಭ. ಕೋಲು ಜಾರುತ್ತದೆ ಎಂಬ ಅನುಮಾನ ಒಂದಿಷ್ಟು ಬಂದರೂ ಬೆರಳುಗಳು ತಮಗೆ ತಾವೇ ಬಿಗಿಯುತ್ತವೆ. ಬೆರಳು ಬಿಗಿದರೆ ಮಣಿಕಟ್ಟು ಬಿಗಿಯುತ್ತದೆ, ಮಣಿಕಟ್ಟು ಬಿಗಿದರೆ ಹೊಡೆತದ ಕೊನೆಯಲ್ಲಿ ಕ್ಯೂ ಪಕ್ಕಕ್ಕೆ ಓಲುತ್ತದೆ. ಪೂಲ್ ಚೆಂಡು 57 ಮಿ.ಮೀ. ವ್ಯಾಸದ್ದು, 156ರಿಂದ 170 ಗ್ರಾಂ ತೂಗುತ್ತದೆ. ಸ್ನೂಕರ್ ಚೆಂಡಿಗಿಂತ ದೊಡ್ಡದು, ಭಾರವೂ ಹೆಚ್ಚು. ಜೊತೆಗೆ ಬ್ರೇಕ್ ಹೊಡೆತಕ್ಕೆ, ಅಂದರೆ ಆಟದ ಆರಂಭದಲ್ಲಿ ಚೆಂಡುಗಳ ಗುಂಪನ್ನು ಚೆದುರಿಸುವ ಹೊಡೆತಕ್ಕೆ, ಪೂರ್ತಿ ಬಲ ಹಾಕುತ್ತೇವೆ. ಆದ್ದರಿಂದ ಕೈ ಬಿಗಿಯುವ ಪ್ರಲೋಭನೆ ಇಲ್ಲಿ ಹೆಚ್ಚು. ಒಳ್ಳೆಯ ಸುತ್ತು ಎಂದರೆ ಹಿಡಿತವನ್ನು ಬಿಗಿ ಮಾಡುವುದಲ್ಲ, ಬಿಗಿ ಹಿಡಿಯುವ ಅಗತ್ಯವನ್ನೇ ತೆಗೆದುಹಾಕುವುದು. ಬಣ್ಣ, ಹೊಲಿಗೆ, ಹಾವಿನ ಮೈಯಂಥ ಉಬ್ಬುಚಿತ್ತಾರ ಎಲ್ಲವೂ ಆಮೇಲಿನ ಮಾತು.

ಹಂತ 1: ನಿಮ್ಮ ಕೈ ಎಲ್ಲಿ ಬೀಳುತ್ತದೆ?

ಇದನ್ನು ನೋಡದೆ ಸಾವಿರಾರು ರೂಪಾಯಿ ಕೊಟ್ಟು ಚರ್ಮ ಸುತ್ತಿಸಿಕೊಂಡವರನ್ನು ಕಂಡಿದ್ದೇನೆ. ಅವರ ಕೈ ಆ ಚರ್ಮವನ್ನು ಮುಟ್ಟುವುದೇ ಇಲ್ಲ.

ಸಾಮಾನ್ಯ ಪೂಲ್ ಕ್ಯೂ ಸುಮಾರು 58 ಅಂಗುಲ ಉದ್ದ. ನಡುವೆ ತಿರುಪು ಇರುವ ಎರಡು ತುಂಡು. ಮುಂದಿನ ಅರ್ಧ ಶಾಫ್ಟ್. ಹಿಂದಿನ ಅರ್ಧ, ಅಂದರೆ ಬಟ್, 29 ಅಂಗುಲ. ಅದರಲ್ಲಿ ಸುಮಾರು 12 ಅಂಗುಲದಷ್ಟು ಭಾಗಕ್ಕೆ ಸುತ್ತು ಇರುತ್ತದೆ. ಸುತ್ತಿನ ಹಿಂದೆ ನಾಲ್ಕೈದು ಅಂಗುಲ ಮತ್ತೆ ಬರಿಯ ಮರ, ತುದಿಯಲ್ಲಿ ರಬ್ಬರ್ ಗುಂಡಿ.

ಮೇಜಿನ ಬಳಿ ನಿಮ್ಮ ಮಾಮೂಲಿ ಭಂಗಿಯಲ್ಲಿ ಬಾಗಿ, ಕ್ಯೂವಿನ ಮುಂತುದಿ, ಅಂದರೆ ಟಿಪ್, ಬಿಳಿ ಚೆಂಡಿಗೆ ಇನ್ನೇನು ತಾಗಬೇಕು ಎನ್ನುವಷ್ಟು ಹತ್ತಿರ ತನ್ನಿ. ಆ ಕ್ಷಣದಲ್ಲಿ ಮೊಣಕೈಯಿಂದ ಕೆಳಗಿನ ಕೈ ನೆಲಕ್ಕೆ ತೂಗುಗುಂಡಿನ ದಾರದಷ್ಟು ನೆಟ್ಟಗೆ ಇರಬೇಕು. ಜೊತೆಗಿರುವವರಿಗೆ ಹೇಳಿ ನಿಮ್ಮ ತೋರುಬೆರಳು ಮತ್ತು ಕಿರುಬೆರಳು ಇರುವ ಜಾಗಕ್ಕೆ ಕಾಗದದ ಟೇಪ್ ಅಂಟಿಸಲಿ. ಒಂದೇ ಹೊಡೆತಕ್ಕೆ ನಂಬಬೇಡಿ. ಚೆಂಡು ಮೇಜಿನ ಅಂಚಿನ ಕುಶನ್ನಿಗೆ ಅಂಟಿಕೊಂಡಿದ್ದಾಗ ಕೈ ಮುಂದೆ ಬರುತ್ತದೆ, ಬ್ರೇಕಿಗೆ ಹಿಂದೆ ಹೋಗುತ್ತದೆ. ಎಲ್ಲ ಬಗೆಯ ಹೊಡೆತಕ್ಕೂ ಗುರುತು ಮಾಡಿಕೊಳ್ಳಿ.

ಎತ್ತರದವರ ಕೈ ಎಷ್ಟೋ ಸಲ ಸುತ್ತು ದಾಟಿ ಹಿಂದಿನ ಬರಿಮರದ ಮೇಲೆ ಬೀಳುತ್ತದೆ. ಹಾಗಿದ್ದರೆ ನಿಮಗೆ ಬೇಕಾದದ್ದು ಹೊಸ ಸುತ್ತಲ್ಲ. ಸುತ್ತು ಹೇಗಿದೆಯೋ ಹಾಗೇ ಇರಲಿ. ಹಿಂದಿನ ಭಾಗದ ಪಾಲಿಶ್ ತೀರ ಜಾರುತ್ತಿದ್ದರೆ ಅದಕ್ಕೊಂದು ಪರಿಹಾರ ಹುಡುಕಿ, ಅಥವಾ ಉದ್ದದ ಕ್ಯೂ ನೋಡಿ. ಅರ್ಧ ಅಂಗೈ ಸುತ್ತಿನ ಮೇಲೆ, ಅರ್ಧ ಮರದ ಮೇಲೆ ಬೀಳುವವರ ಪಾಡು ಇನ್ನೂ ಕಿರಿಕಿರಿಯದು. ಅಂಥವರಿಗೆ ಅಂಚು ಕೈಗೆ ಗೊತ್ತಾಗದಂತೆ ಸಮತಟ್ಟಾಗಿ ಕೂರುವ ವಸ್ತುವೇ ಆಗಬೇಕು, ದಪ್ಪ ರಬ್ಬರ್ ಆಗದು.

ಹಂತ 2: ಅಂಗೈಯ ಸ್ವಭಾವ

ಅರ್ಧ ಗಂಟೆ ಆಡಿದ ಮೇಲೆ ಒಂದು ತೆಳು ಟಿಶ್ಯೂ ಕಾಗದವನ್ನು ಅಂಗೈಗೆ ಒತ್ತಿ, ಕೈ ಮಗುಚಿ ಹಿಡಿಯಿರಿ. ಅಂಟಿಕೊಂಡು ನಿಂತರೆ ನಿಮ್ಮದು ಬೆವರುವ ಕೈ. ತಕ್ಷಣ ಬಿದ್ದರೆ ಒಣ ಕೈ. ಈ ಪರೀಕ್ಷೆಯನ್ನು ಒಬ್ಬರೇ ಅಭ್ಯಾಸ ಮಾಡುವಾಗ ಮಾಡಿದರೆ ಪ್ರಯೋಜನವಿಲ್ಲ. ಹತ್ತು ಮಂದಿ ನೋಡುತ್ತಿರುವಾಗ, ಗೆಲುವು ನಿರ್ಧರಿಸುವ ಎಂಟನೇ ಚೆಂಡು ತೂತಿನ ಬಾಯಲ್ಲಿ ನಿಂತಿರುವಾಗ, ಸೋತರೆ ಎಲ್ಲರ ಕಾಫಿ ಬಿಲ್ಲು ನಿಮ್ಮದೇ ಎಂದು ಗೊತ್ತಿರುವಾಗ ಮಾಡಿ. ಡಿಸೆಂಬರಿನ ಚಳಿಯಲ್ಲೂ ಆತಂಕಕ್ಕೆ ಅಂಗೈ ಬೆವರುತ್ತದೆ.

ತೋಟದ ಕೆಲಸ ಮಾಡುವವರ ಅಂಗೈ ಬೇರೆಯದೇ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಚರ್ಮ ಒರಟಾಗಿ, ಗಟ್ಟಿಯಾಗಿ, ಒಣಗಿರುತ್ತದೆ. ಇಂಥ ಕೈ ನುಣುಪಾದ ದಾರದ ಮೇಲೆ ನಿಲ್ಲುವುದಿಲ್ಲ. ಚರ್ಮ ಅಥವಾ ರಬ್ಬರಿನಂಥ ತುಸು ಜಿಗುಟು ಬೇಕಾಗುತ್ತದೆ. ಪೇಟೆಯಲ್ಲಿ ಕೂತು ಕೆಲಸ ಮಾಡುವವರ ಮೆತ್ತನೆಯ, ಬೆವರುವ ಕೈಗೆ ದಾರವೇ ಸರಿ.

ಬೆವರಿಗೆ ಪೌಡರ್ ಪರಿಹಾರವಲ್ಲ. ಪೌಡರ್ ಇರುವುದು ಶಾಫ್ಟ್ ಜಾರಲೆಂದು ಮೇಜಿನ ಮೇಲೂರುವ ಕೈಗೆ. ಹಿಡಿಕೆಯ ಕೈಗೆ ಹಚ್ಚಿದರೆ ದಾರದ ಸಂದಿಯಲ್ಲೆಲ್ಲ ಅದು ಬೆವರಿನೊಡನೆ ಕಲಸಿ ಕೂರುತ್ತದೆ.

ಹಂತ 3: ನಿಮ್ಮ ಊರು ಯಾವ ಕಡೆ?

ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಎರಡೆರಡು ಹವಾಮಾನ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಯ ಕಡೆ ಆರಿದ್ರಾ ಮಳೆ ಹಿಡಿದುಕೊಂಡರೆ ಆಶ್ಲೇಷ ಮುಗಿಯುವವರೆಗೆ ಬಟ್ಟೆ ಒಣಗುವುದಿಲ್ಲ. ಬೀರುವಿನಲ್ಲಿಟ್ಟ ಬೆಲ್ಟು, ಬೂಟು, ಕ್ಯಾಮೆರಾ ಚೀಲಗಳಿಗೆ ಬೂಷ್ಟು ಹಿಡಿಯುತ್ತದೆ. ಕಡೂರು, ಅರಸೀಕೆರೆ ಬಯಲುಸೀಮೆ. ಅಲ್ಲಿ ಏಪ್ರಿಲ್ ತಿಂಗಳ ಒಣ ಬಿಸಿಯೇ ಸಮಸ್ಯೆ. ಹಾಸನ, ಚಿಕ್ಕಮಗಳೂರು ಪಟ್ಟಣಗಳು ಇವೆರಡರ ನಡುವೆ. ಒಂದೇ ಜಿಲ್ಲೆಯ ಇಬ್ಬರು ಆಟಗಾರರಿಗೆ ಒಂದೇ ಸಲಹೆ ಕೊಡಲು ಬರುವುದಿಲ್ಲ ಎನ್ನುವುದು ಇದಕ್ಕೇ. ಮೂಡಿಗೆರೆಯವರು ಚರ್ಮ ಆರಿಸಿದರೆ ಅದನ್ನು ಸಾಕುವ ಶ್ರಮಕ್ಕೂ ಸಿದ್ಧರಿರಬೇಕು. ಕಡೂರಿನವರಿಗೆ ಆ ಚಿಂತೆ ಕಡಿಮೆ.

ಆಡುವ ಜಾಗವನ್ನೂ ಗಮನಿಸಿ. ನೆಲಮಾಳಿಗೆಯ ಪಾರ್ಲರ್, ಕಿಟಕಿ ಇಲ್ಲ, ಎರಡು ಫ್ಯಾನು, ಇಪ್ಪತ್ತು ಜನ ಎಂದರೆ ಹೊರಗೆ ಚಳಿಯಿದ್ದರೂ ಒಳಗೆ ಸೆಕೆಯೇ.

ಹಂತ 4: ವಸ್ತುಗಳನ್ನು ಪರಿಚಯ ಮಾಡಿಕೊಳ್ಳಿ

*ಲಿನನ್ ದಾರ.* ಅಗಸೆ ನಾರಿನಿಂದ ನೂತ ಈ ದಾರವನ್ನು ಐರಿಷ್ ಲಿನನ್ ಎಂಬ ಹೆಸರಿನಲ್ಲಿ ಮಾರುತ್ತಾರೆ. ಪೂಲ್ ಕ್ಯೂವಿನ ಸಾಂಪ್ರದಾಯಿಕ ಸುತ್ತು ಇದೇ. ಒಂದು ಕಾಲದಲ್ಲಿ ಮೀನು ಹಿಡಿಯಲು ಬಳಸುತ್ತಿದ್ದ ಲಿನನ್ ದಾರವೇ ಕ್ಯೂ ತಯಾರಕರ ಕೈಗೂ ಬಂತು; ಅಮೆರಿಕದ ಕಾರ್ಟ್‌ಲ್ಯಾಂಡ್ ಕಂಪನಿಯ ದಾರವನ್ನು ಹಳೆಯ ತಯಾರಕರು ಈಗಲೂ ನೆನೆಯುತ್ತಾರೆ. ಮೀನುಗಾರರು ಇದನ್ನು ಮೆಚ್ಚಿದ್ದಕ್ಕೆ ಕಾರಣವಿದೆ: ಅಗಸೆ ನಾರು ಒದ್ದೆಯಾದಾಗ ದುರ್ಬಲವಾಗುವುದಿಲ್ಲ, ಬದಲಿಗೆ ಇನ್ನಷ್ಟು ಗಟ್ಟಿಯಾಗುತ್ತದೆ. ಬೆವರನ್ನು ಹೀರುತ್ತದೆ, ಬೇಗ ಆರುತ್ತದೆ. ಕೈಗೆ ಅಂಟುವುದಿಲ್ಲ, ಹಾಗೆಂದು ಜಾರುವುದೂ ಇಲ್ಲ. ಬೆವರುವ ಕೈಯವರಿಗೆ, ಮಲೆನಾಡಿನ ಮಳೆಗಾಲಕ್ಕೆ ನಾನು ಮೊದಲು ಹೇಳುವ ಹೆಸರು ಇದೇ.

ದಾರ ಸುತ್ತಿದ ಮೇಲೆ ಅದನ್ನು ಒತ್ತಿ ನಯ ಮಾಡುತ್ತಾರೆ. ಎಷ್ಟು ಒತ್ತಿದ್ದಾರೆ ಎನ್ನುವುದರ ಮೇಲೆ ಅನುಭವ ಬದಲಾಗುತ್ತದೆ. ಚೆನ್ನಾಗಿ ಒತ್ತಿದ ಲಿನನ್ ಮೇಲೆ ಉಗುರು ಗೀರಿದರೂ ಎಳೆ ಗೊತ್ತಾಗುವುದಿಲ್ಲ. ಒತ್ತದೆ ಬಿಟ್ಟದ್ದರಲ್ಲಿ ಒಂದೊಂದು ಎಳೆಯೂ ಬೆರಳಿಗೆ ಸಿಗುತ್ತದೆ. ಒಣ ಕೈಯವರು ಲಿನನ್ನೇ ಬೇಕೆಂದು ಹಟ ಹಿಡಿದರೆ ಕಡಿಮೆ ಒತ್ತಿದ್ದನ್ನು ಕೇಳಿ ಪಡೆಯಲಿ. ಬಣ್ಣದ ಬಗ್ಗೆ ಒಂದೇ ಮಾತು: ಅಚ್ಚ ಬಿಳಿ ಬೇಡ. ನೀಲಿ ಚಾಕಿನ ಪುಡಿ, ಬೆವರು, ಪಾರ್ಲರಿನಲ್ಲಿ ತಿಂದ ಬೋಂಡದ ಎಣ್ಣೆ ಸೇರಿದರೆ ಅದರ ಬಣ್ಣ ನೋಡುವ ಹಾಗಿರುವುದಿಲ್ಲ. ಕಪ್ಪು ಅಥವಾ ಹಸಿರು ಚುಕ್ಕೆಗಳ ಬಿಳಿ ದಾರ ಬರುತ್ತದೆ. ಕೊಳೆ ಅದರಲ್ಲಿ ಅಡಗುತ್ತದೆ.

*ನೈಲಾನ್.* ಅಗ್ಗದ ಕ್ಯೂಗಳಲ್ಲಿ ಬರುವುದು ಹೆಚ್ಚಾಗಿ ಇದು. ಕಣ್ಣಿಗೆ ಲಿನನ್ನಿನಂತೆಯೇ ಕಂಡರೂ ಬೆವರನ್ನು ಹೆಚ್ಚು ಹೀರುವುದಿಲ್ಲ. ಒಣ ಕೈಗೆ ನುಣುಪು, ಬೆವರಿದ ಕೈಗೆ ಜಾರು. ಬಾಳಿಕೆ ಮಾತ್ರ ಚೆನ್ನಾಗಿದೆ, ನೀರಿಗೆ ಕೆಡುವುದಿಲ್ಲ. ನಿಮ್ಮ ಕ್ಯೂವಿನಲ್ಲಿ ಈಗಾಗಲೇ ನೈಲಾನ್ ಇದ್ದು ತೊಂದರೆ ಕೊಡುತ್ತಿಲ್ಲವಾದರೆ ಬಿಚ್ಚಿಸುವ ಅಗತ್ಯವಿಲ್ಲ. ಹೊಸದಾಗಿ ಸುತ್ತಿಸುವಾಗ ನೈಲಾನ್ ಆರಿಸಿಕೊಳ್ಳಲು ನನಗೆ ಕಾರಣ ಕಾಣುವುದಿಲ್ಲ.

*ಚರ್ಮ.* ಚರ್ಮದ ಬಗ್ಗೆ ಹೇಳುವುದು ಬಹಳ ಇದೆ, ಏಕೆಂದರೆ ದುಡ್ಡು ಹೆಚ್ಚು ಹೋಗುವುದೂ ಪೆಟ್ಟು ಹೆಚ್ಚು ಬೀಳುವುದೂ ಇಲ್ಲೇ. ಹದ ಮಾಡಿದ ದನದ ಚರ್ಮದ ಸುಮಾರು ಒಂದು ಮಿಲಿಮೀಟರ್ ದಪ್ಪದ ಹಾಳೆಯನ್ನು ಹಿಡಿಕೆಯ ಸುತ್ತಳತೆಗೆ ಸರಿಯಾಗಿ ಕತ್ತರಿಸಿ, ಅಂಟು ಹಚ್ಚಿ, ಎರಡು ಅಂಚುಗಳನ್ನು ಎದುರುಬದುರಾಗಿ ಕೂಡಿಸುತ್ತಾರೆ. ಕೂಡಿದ ಗೆರೆ ಕಾಣದಿದ್ದರೆ, ಬೆರಳಿಗೂ ಸಿಗದಿದ್ದರೆ ಅದು ಒಳ್ಳೆಯ ಕೆಲಸ.

ಹೊಸ ಚರ್ಮ ಕೈಯಲ್ಲಿ ಜಾರುತ್ತದೆ. ಇದನ್ನು ನೋಡಿ ಗಾಬರಿಯಾಗಿ ವಾಪಸು ಕೊಡುವವರುಂಟು. ಸ್ವಲ್ಪ ದಿನ ಆಡಿ. ಅಂಗೈಯ ಬಿಸಿ ಮತ್ತು ತೇವ ಸೇರಿ ಮೇಲ್ಮೈ ಮೆತ್ತಗಾಗಿ ಒಂದು ಹಿತವಾದ ಹಿಡಿತ ಬರುತ್ತದೆ. ಒಣ ಕೈಗೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ವಿಪರೀತ ಬೆವರುವ ಕೈಗೆ ಮಾತ್ರ ಚರ್ಮ ಒದ್ದೆಯಾಗಿ ಅಂಟಂಟಾಗುತ್ತದೆ, ಮೇಲ್ಮೈಗೆ ಹೊಳಪಿನ ಲೇಪ ಬಳಿದಿದ್ದರಂತೂ ಇನ್ನೂ ಕೆಟ್ಟದು. ಕೊಳ್ಳುವಾಗ ಹಾಳೆಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಮಣಿಯಂತೆ ನಿಂತರೆ ಲೇಪ ದಪ್ಪವಾಗಿದೆ. ನಿಧಾನವಾಗಿ ಇಂಗಿದರೆ ಅದು ಬೆವರನ್ನೂ ಹೀರುತ್ತದೆ, ಆದರೆ ಬೂಷ್ಟಿಗೂ ಬೇಗ ಬಾಯಿ ಕೊಡುತ್ತದೆ. ಮೂಡಿಗೆರೆಯವರಿಗೆ ತೆಳು ಲೇಪದ್ದು, ಅರಸೀಕೆರೆಯವರಿಗೆ ಲೇಪವೇ ಇಲ್ಲದ್ದು ಎಂದು ನಾನು ಹೇಳುತ್ತೇನೆ.

ಚರ್ಮದ ಅಂಚುಗಳನ್ನು ಒತ್ತೊತ್ತಾಗಿ ಕೂರಿಸಿ, ಲೇತಿನಲ್ಲಿ ತಿರುವಿ ನಯ ಮಾಡಿದ ಇನ್ನೊಂದು ಬಗೆಯೂ ಇದೆ. ಅದರ ಮೇಲ್ಮೈ ಮಖಮಲ್ಲಿನ ಕಡೆಗೆ ವಾಲುತ್ತದೆ, ಹಿಡಿತ ಬಹಳ ಚೆನ್ನ, ಬೆಲೆಯೂ ಹಾಗೆಯೇ.

ಹಲ್ಲಿ, ಹಾವು, ಉಡದ ಚರ್ಮ ಎಂದು ಯಾರಾದರೂ ಕಿವಿಯಲ್ಲಿ ಹೇಳಿ ಮಾರಲು ಬಂದರೆ ಮಾತು ಅಲ್ಲಿಗೇ ನಿಲ್ಲಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಉಡ ಮೊದಲ ಪಟ್ಟಿಯಲ್ಲಿರುವ ಪ್ರಾಣಿ. ಅದರ ಚರ್ಮದ ವ್ಯಾಪಾರ ಅಪರಾಧ. ಮಾರುಕಟ್ಟೆಯಲ್ಲಿ ಸಿಗುವ ಬಹುಪಾಲು ‘ಹಲ್ಲಿ ಚರ್ಮ’ ದನದ ಚರ್ಮದ ಮೇಲೆ ಅಚ್ಚೊತ್ತಿದ ಚಿತ್ತಾರ. ಅದು ಕಾನೂನಿನ ದೃಷ್ಟಿಯಿಂದಲೂ ಸರಿ, ಉಬ್ಬುಗಳಿಂದ ಹಿಡಿತವೂ ತುಸು ಹೆಚ್ಚು. ಆದರೆ ಮಾರುವವರು ಏನೆಂದು ಹೇಳಿ ಮಾರುತ್ತಿದ್ದಾರೆ ಎನ್ನುವುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

*ರಬ್ಬರ್ ಮತ್ತು ಸಿಲಿಕೋನ್.* ಹಿಡಿತ ಎಲ್ಲಕ್ಕಿಂತ ಹೆಚ್ಚು. ಬೆವರನ್ನು ಹೀರುವುದಿಲ್ಲ, ಆದರೂ ಜಾರುವುದಿಲ್ಲ. ಬ್ರೇಕಿಗೆಂದೇ ಪ್ರತ್ಯೇಕ ಕ್ಯೂ ಇಟ್ಟುಕೊಂಡವರಿಗೆ ಇದು ಹೇಳಿ ಮಾಡಿಸಿದ್ದು. ಆಡುವ ಕ್ಯೂವಿಗೆ ಹಾಕಿಸುವ ಮೊದಲು ಯೋಚಿಸಿ, ಏಕೆಂದರೆ ಇದರ ದೋಷವೂ ಹಿಡಿತವೇ. ಹೊಡೆತದ ಮಧ್ಯೆ ಬೆರಳು ಸೂಕ್ಷ್ಮವಾಗಿ ಸರಿಯಬೇಕಾದಾಗ ಇದು ಬಿಡುವುದಿಲ್ಲ. ಹೊಡೆಯುವ ಮೊದಲು ಕೈಯನ್ನು ಹಿಂದಕ್ಕೆ ಜಾರಿಸುವ ಹಳೆಯ ಶೈಲಿಯವರಿಗೆ ಇದು ಆಗಿಬರುವುದೇ ಇಲ್ಲ. ಕಳಪೆ ರಬ್ಬರ್ ಕೆಲವು ವರ್ಷಗಳಲ್ಲಿ ತಾನೇ ಕರಗಿದಂತಾಗಿ ಕೈಗೆ ಕಪ್ಪು ಮೆತ್ತುತ್ತದೆ. ಸಿಲಿಕೋನಿಗೆ ಆ ರೋಗವಿಲ್ಲ, ಸೋಪು ನೀರಿನಲ್ಲಿ ಒರೆಸಿದರೆ ಹೊಸದರಂತಾಗುತ್ತದೆ.

*ಬರಿಮರ.* ಸುತ್ತೇ ಇಲ್ಲದ ಪೂಲ್ ಕ್ಯೂಗಳು ಈಗ ಸಾಕಷ್ಟು ಬರುತ್ತವೆ, ಹೆಸರಾಂತ ಆಟಗಾರರ ಕೈಯಲ್ಲೂ ಕಾಣುತ್ತವೆ. ಸ್ನೂಕರಿನಿಂದ ಬಂದವರ ಕೈಗೆ ಇದೇ ಪರಿಚಿತ. ಬೂಷ್ಟಿಲ್ಲ, ಬಿಚ್ಚಿಕೊಳ್ಳುವುದಿಲ್ಲ, ಬದಲಿಸುವ ಖರ್ಚಿಲ್ಲ. ಆದರೆ ದಪ್ಪ ವಾರ್ನಿಷ್ ಬಳಿದ ಮರಕ್ಕೂ ಎಣ್ಣೆಯಷ್ಟೇ ಕುಡಿಸಿದ ಮರಕ್ಕೂ ಅಜಗಜಾಂತರ. ವಾರ್ನಿಷ್ ಬಳಿದದ್ದು ಬೆವರಿದ ಕೈಗೆ ಅಂಟುತ್ತದೆ. ಒಂದು ಸಣ್ಣ ಕೈವಸ್ತ್ರ ಜೇಬಿನಲ್ಲಿಟ್ಟುಕೊಂಡು ಪ್ರತಿ ಸರದಿಗೂ ಒರೆಸಿಕೊಳ್ಳುವ ಅಭ್ಯಾಸವಿದ್ದರೆ ಬರಿಮರದಲ್ಲೇ ಆಯುಷ್ಯ ಕಳೆಯಬಹುದು.

ಕಾರ್ಕಿನ ಸುತ್ತೂ ಇದೆ: ಹಗುರ, ಬೆಚ್ಚಗಿನ ಸ್ಪರ್ಶ. ಅಂಚಿನಲ್ಲಿ ಉದುರುತ್ತದೆ.

ಹಂತ 5: ಅಗ್ಗದಲ್ಲಿ ಪ್ರಯೋಗ

ಜಿಗುಟಾದ ಹಿಡಿತ ನಿಮಗೆ ಒಗ್ಗುತ್ತದೆಯೋ ಇಲ್ಲವೋ ತಿಳಿಯಲು ಚರ್ಮವನ್ನೇ ಕೊಳ್ಳಬೇಕಾಗಿಲ್ಲ. ಊರಿನ ಯಾವುದೇ ಕ್ರೀಡಾ ಸಾಮಗ್ರಿ ಅಂಗಡಿಯಲ್ಲಿ ಬ್ಯಾಡ್ಮಿಂಟನ್ ರ‍್ಯಾಕೆಟ್ಟಿಗೆ ಸುತ್ತುವ ತೆಳು ಗ್ರಿಪ್ ಪಟ್ಟಿ ಸಿಗುತ್ತದೆ. ಅದರ ಉದ್ದ ಒಂದು ಮೀಟರಿನ ಆಸುಪಾಸು, ಅಗಲ ಸುಮಾರು ಒಂದು ಅಂಗುಲ. ಹಿಡಿಕೆಯ ಪೂರ್ತಿ 12 ಅಂಗುಲಕ್ಕೆ ಸಾಲದಿದ್ದರೂ ಮೊದಲ ಹಂತದಲ್ಲಿ ಟೇಪ್ ಅಂಟಿಸಿ ಗುರುತಿಸಿದ ಜಾಗವನ್ನು ಮುಚ್ಚುತ್ತದೆ. ಪಟ್ಟಿಯ ಅಂಟಿರುವ ತುದಿಯನ್ನು ಪಾಲಿಶ್ ಮಾಡಿದ ಮರಕ್ಕೆ ನೇರವಾಗಿ ತಾಗಿಸಬೇಡಿ, ಕೆಳಗೆ ಕಾಗದದ ಟೇಪಿನ ಒಂದು ಸುತ್ತು ಇರಲಿ. ಹೀಗೆ ಎರಡು ವಾರ ಆಡಿ. ಕೈ ಸಡಿಲವಾಯಿತೇ? ಹಾಗಾದರೆ ಚರ್ಮ ಅಥವಾ ಸಿಲಿಕೋನಿನ ದಾರಿ ಹಿಡಿಯಿರಿ. ಕೈ ಸಿಕ್ಕಿಕೊಂಡಂತೆ ಅನಿಸಿತೇ? ಲಿನನ್ನಿಗೆ ಬನ್ನಿ.

ಲಿನನ್ ಪ್ರಯೋಗಕ್ಕೆ ಇಷ್ಟು ಸುಲಭದ ದಾರಿಯಿಲ್ಲ. ಗೆಳೆಯರ ಕ್ಯೂ ಎರವಲು ಪಡೆಯುವುದೇ ಗತಿ.

ಹಂತ 6: ತೋಡಿನ ಆಳ ಅಳೆಯಿರಿ

ಕಾರ್ಖಾನೆಯಲ್ಲಿ ಸುತ್ತು ಕೂರಲೆಂದು ಹಿಡಿಕೆಯ ಮರವನ್ನು ಸುತ್ತಲೂ ಸ್ವಲ್ಪ ಕೆತ್ತಿ ತಗ್ಗಿಸಿರುತ್ತಾರೆ. ದಾರಕ್ಕೆ ಸುಮಾರು ಮುಕ್ಕಾಲು ಮಿಲಿಮೀಟರ್ ಆಳ ಸಾಕು. ಚರ್ಮಕ್ಕೆ ಒಂದರ ಹತ್ತಿರ ಬೇಕು. ದಾರದ ತೋಡಿಗೆ ಚರ್ಮ ಅಂಟಿಸಿದರೆ ಅಂಚಿನಲ್ಲಿ ಮೆಟ್ಟಿಲು ಬರುತ್ತದೆ. ಆಡುವಾಗ ಕೈಗೆ ಅದೊಂದೇ ಗೊತ್ತಾಗುತ್ತಿರುತ್ತದೆ. ಚರ್ಮದ ತೋಡಿಗೆ ದಾರ ಸುತ್ತಿದರೆ ಹಳ್ಳ. ಹಳೆಯ ಸುತ್ತು ಬಿಚ್ಚಿದ ಮೇಲೆ ವರ್ನಿಯರ್ ಕ್ಯಾಲಿಪರಿನಲ್ಲಿ ತೋಡಿನ ವ್ಯಾಸವನ್ನೂ ಪಕ್ಕದ ಮರದ ವ್ಯಾಸವನ್ನೂ ಅಳೆದು, ವ್ಯತ್ಯಾಸವನ್ನು ಎರಡರಿಂದ ಭಾಗಿಸಿ. ಅದೇ ಆಳ.

ದಾರದಿಂದ ಚರ್ಮಕ್ಕೆ ಹೋಗುವವರು ತೋಡನ್ನು ಆಳ ಮಾಡಿಸಬೇಕು. ಇದು ಕ್ಯೂ ಕೆಲಸ ಬಲ್ಲವರ ಲೇತಿನಲ್ಲಿ ಆಗಬೇಕಾದದ್ದು; ಮಂಚದ ಕಾಲು ತಿರುವುವ ಲೇತಿಗೆ ಕೊಟ್ಟರೆ ಕ್ಯೂವಿನ ನೇರ ಹೋಗುವ ಸಂಭವವಿದೆ. ಇಲ್ಲವೇ ತೋಡಿನಷ್ಟೇ ದಪ್ಪಕ್ಕೆ ಸವರಿದ ತೆಳು ಚರ್ಮ ಹುಡುಕಿ. ನನಗೆ ಎರಡನೆಯದೇ ಹೆಚ್ಚು ಇಷ್ಟ. ಕೆತ್ತಿದ ಮರ ಮತ್ತೆ ಬರುವುದಿಲ್ಲ.

ತೂಕದ ಚಿಂತೆ ಬೇಡ. ಆಟದ ಕ್ಯೂಗಳು ಹೆಚ್ಚಾಗಿ 18ರಿಂದ 21 ಔನ್ಸ್ ತೂಗುತ್ತವೆ. ವಿಶ್ವ ಪೂಲ್ ಬಿಲಿಯರ್ಡ್ ಸಂಸ್ಥೆಯ ಮಿತಿ 25 ಔನ್ಸ್. ದಾರಕ್ಕಿಂತ ಚರ್ಮ ಕೊಂಚ ಭಾರ, ಸಮತೋಲದ ಬಿಂದು ಕೂದಲೆಳೆಯಷ್ಟು ಹಿಂದೆ ಸರಿದೀತು. ಕೈ ಅದಕ್ಕೆ ಬೇಗ ಹೊಂದಿಕೊಳ್ಳುತ್ತದೆ.

ಹಂತ 7: ಸುತ್ತಿಸುವುದು, ಅಥವಾ ತಾವೇ ಸುತ್ತುವುದು

ಚರ್ಮವನ್ನು ಮನೆಯಲ್ಲಿ ಅಂಟಿಸುವ ಸಾಹಸ ಬೇಡ. ಬೆಂಗಳೂರಿನಲ್ಲಿ ಕ್ಯೂ ರಿಪೇರಿ ಮಾಡುವವರಿಗೆ ಬಟ್ ಮಾತ್ರ ಕಳುಹಿಸಿ. ಶಾಫ್ಟ್ ಮನೆಯಲ್ಲೇ ಇರಲಿ. ತಿರುಪಿನ ಬಾಯಿಗೆ ಮುಚ್ಚಳ ಹಾಕಿ, ಪ್ಲಂಬಿಂಗ್ ಅಂಗಡಿಯಲ್ಲಿ ಸಿಗುವ ಪಿವಿಸಿ ಕೊಳವೆಯೊಳಗೆ ಬಟ್ಟೆ ತುರುಕಿ ಇಟ್ಟರೆ ಬಸ್ಸಿನ ಪಾರ್ಸಲ್ಲಿನಲ್ಲೂ ಪೆಟ್ಟಾಗುವುದಿಲ್ಲ. ಮಳೆಗಾಲದಲ್ಲಿ ಕೊಳವೆಯ ಎರಡೂ ತುದಿಗೆ ಪ್ಲಾಸ್ಟಿಕ್ ಕಟ್ಟಿ.

ದಾರವನ್ನು ಮನೆಯಲ್ಲೂ ಸುತ್ತಬಹುದು. ಇಬ್ಬರು ಬೇಕು, ತಾಳ್ಮೆ ಬೇಕು, ಮಧ್ಯೆ ಫೋನ್ ಎತ್ತಬಾರದು.

ಹಳೆಯ ದಾರವನ್ನು ಬ್ಲೇಡಿನಿಂದ ಉದ್ದಕ್ಕೆ ಹಗುರವಾಗಿ ಸೀಳಿ ಬಿಡಿಸಿ. ಬ್ಲೇಡು ಮರಕ್ಕೆ ತಾಗಬಾರದು. ಉಳಿದ ಅಂಟನ್ನು ಬೆಚ್ಚಗಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ನಯವಾದ ಉಪ್ಪುಕಾಗದದಿಂದ ತೋಡನ್ನಷ್ಟೇ ಉಜ್ಜಿ. ಎರಡೂ ಬದಿಯ ಪಾಲಿಶ್ ಮರಕ್ಕೆ ಮೊದಲೇ ಟೇಪ್ ಸುತ್ತಿರಬೇಕು. ದಾರ ಎಷ್ಟು ಬೇಕು? ಮುಕ್ಕಾಲು ಮಿಲಿಮೀಟರ್ ದಪ್ಪದ ದಾರವಾದರೆ 30 ಸೆಂಟಿಮೀಟರಿಗೆ ಸುಮಾರು 400 ಸುತ್ತು, ಪ್ರತಿ ಸುತ್ತಿಗೆ ಒಂಬತ್ತರಿಂದ ಹತ್ತು ಸೆಂಟಿಮೀಟರ್. 40 ಮೀಟರಿಗೆ ಹತ್ತಿರವಾಯಿತು, 45 ತರಿಸಿ. ನಡುವೆ ಗಂಟು ಹಾಕಲು ಬರುವುದಿಲ್ಲ.

ದಾರದ ಮೊದಲ ಒಂದೆರಡು ಅಂಗುಲವನ್ನು ಕ್ಯೂವಿನ ಉದ್ದಕ್ಕೆ ಮಲಗಿಸಿ, ಅದರ ಮೇಲೆಯೇ ಸುತ್ತು ಶುರು ಮಾಡಿ. ಬಿಳಿ ಫೆವಿಕಾಲನ್ನು ಎರಡು ಅಂಗುಲದಷ್ಟು ಜಾಗಕ್ಕೆ ಮಾತ್ರ ತೆಳ್ಳಗೆ ಸವರುತ್ತ ಮುಂದೆ ಹೋಗಿ. ಹೆಚ್ಚಾದರೆ ಎಳೆಗಳ ನಡುವಿನಿಂದ ಉಕ್ಕಿ ದಾರ ಗಟ್ಟಿಯಾಗುತ್ತದೆ. ಒಬ್ಬರು ಕ್ಯೂವನ್ನು ತಿರುಗಿಸಲಿ. ಇನ್ನೊಬ್ಬರು ದಾರವನ್ನು ಎಳೆಗೆ ಎಳೆ ತಾಗುವಂತೆ ಕೂರಿಸುತ್ತ ಹೋಗಲಿ. ದಾರದ ಬಿಗಿ ಮೊದಲಿನಿಂದ ಕೊನೆಯವರೆಗೆ ಒಂದೇ ಸಮ ಇರಬೇಕು. ಉರುಳೆಯಿಂದ ಬರುವ ದಾರವನ್ನು ಒಂದು ದಪ್ಪ ಪುಸ್ತಕದ ಹಾಳೆಗಳ ನಡುವೆ ಹಾಯಿಸಿ ಮೇಲೆ ಭಾರವಿಟ್ಟರೆ ಆ ಕೆಲಸ ತಾನಾಗಿ ಆಗುತ್ತದೆ.

ಮುಗಿಯಲು ಇನ್ನು ಹತ್ತು ಸುತ್ತು ಇದೆ ಎನ್ನುವಾಗ, ಬೇರೊಂದು ಸಣ್ಣ ಗಟ್ಟಿ ದಾರವನ್ನು ಕುಣಿಕೆ ಮಾಡಿ ಕ್ಯೂವಿನ ಉದ್ದಕ್ಕೆ ಇಡಿ. ಕುಣಿಕೆಯ ಬಾಯಿ ಸುತ್ತು ಮುಗಿಯುವ ಕಡೆಗೆ, ಅದರ ಎರಡು ಬಾಲ ಆಗಲೇ ಸುತ್ತಿದ ಭಾಗದ ಕಡೆಗೆ ಇರಲಿ. ಉಳಿದ ಹತ್ತು ಸುತ್ತು ಅದರ ಮೇಲೆ ಬರಲಿ. ಕೊನೆಗೆ ಲಿನನ್ನಿನ ತುದಿಯನ್ನು ಕತ್ತರಿಸಿ ಕುಣಿಕೆಯೊಳಗೆ ತೂರಿಸಿ, ಬಾಲಗಳನ್ನು ಎಳೆಯಿರಿ. ತುದಿ ಸುತ್ತುಗಳ ಅಡಿಗೆ ಹೋಗಿ ಮಾಯವಾಗುತ್ತದೆ. ಹೊರಗೆ ಚಾಚಿದ್ದನ್ನು ಬ್ಲೇಡಿನಿಂದ ತೆಗೆಯಿರಿ.

ಅಂಟು ಒಂದು ದಿನ ಒಣಗಲಿ. ಮಳೆಗಾಲದಲ್ಲಿ ಎರಡು ದಿನ. ಆಮೇಲೆ ತೆಳು ಗಂಜಿ ನೀರು ಸವರಿ, ಉಕ್ಕಿನ ಚಮಚದ ಬೆನ್ನಿನಿಂದಲೋ ನಯವಾದ ಗಾಜಿನ ಸೀಸೆಯಿಂದಲೋ ಗಟ್ಟಿಯಾಗಿ ಒತ್ತಿ ಉಜ್ಜಿ. ಗಂಜಿ ಹೆಚ್ಚಾದರೆ ಅದಕ್ಕೂ ಬೂಷ್ಟು ಬರುತ್ತದೆ ಎನ್ನುವುದು ಘಟ್ಟದ ಅಂಚಿನವರಿಗೆ ನೆನಪಿರಲಿ. ಅವರು ಬರಿ ನೀರಿನಲ್ಲಿ ಒತ್ತಿದರೂ ಸಾಕು.

ಹಂತ 8: ಮಳೆಗಾಲ ದಾಟಿಸುವುದು

ಚರ್ಮದ ಹಿಡಿಕೆಯನ್ನು ಮುಚ್ಚಿದ ಚೀಲದಲ್ಲಿ ವಾರಗಟ್ಟಲೆ ಬಿಡಬೇಡಿ. ಆಡಿ ಬಂದ ಮೇಲೆ ಒಣ ಬಟ್ಟೆಯಿಂದ ಒರೆಸಿ, ಗಾಳಿಯಾಡುವ ಕೋಣೆಯಲ್ಲಿ ಒಂದು ರಾತ್ರಿ ಹಾಗೇ ಬಿಡಿ. ಗೋಡೆಗೆ ಒರಗಿಸುವ ಬದಲು ಮಲಗಿಸಿಡಿ ಅಥವಾ ತೂಗುಹಾಕಿ. ನೆನೆದ ಗೋಡೆಗೆ ಓರೆಯಾಗಿ ಒರಗಿಸಿಟ್ಟ ಕ್ಯೂ ಬಾಗುತ್ತದೆ. ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ, ಆಗಾಗ ಬದಲಿಸಿ. ಬೂಷ್ಟು ಕಂಡರೆ ಒಣ ಬಟ್ಟೆಯಿಂದ ಹೊರಗೆ, ಮನೆಯಾಚೆ ನಿಂತು ಒರೆಸಿ, ಆಮೇಲೆ ಚರ್ಮದ ಕಂಡೀಷನರ್ ಅತಿ ತೆಳ್ಳಗೆ ಹಚ್ಚಿ. ಕೊಬ್ಬರಿ ಎಣ್ಣೆ ಹಚ್ಚುವವರಿದ್ದಾರೆ. ಹಿಡಿಕೆ ಜಾರುವಂತಾಗುತ್ತದೆ, ವಾಸನೆಯೂ ಬರುತ್ತದೆ.

ಮಲೆನಾಡಿನ ಮನೆಗಳಲ್ಲಿ ಒದ್ದೆಯಾದದ್ದೆಲ್ಲ ಬಚ್ಚಲ ಒಲೆಯ ಹತ್ತಿರ ಹೋಗುವ ರೂಢಿ. ಕ್ಯೂ ಮಾತ್ರ ಹೋಗಬಾರದು. ಬೆಂಕಿಯ ಶಾಖಕ್ಕೆ ಚರ್ಮ ಕುಗ್ಗಿ ಕೂಡುಗೆರೆ ಬಾಯಿ ಬಿಡುತ್ತದೆ, ಮರವೂ ತಿರುಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ಜೀಪಿನ ಹಿಂಬದಿಯಲ್ಲಿ ಬಿಟ್ಟುಹೋಗುವುದೂ ಅಷ್ಟೇ ಕೆಟ್ಟದ್ದು.

ಲಿನನ್ ಕೊಳಕಾದರೆ ತುಸು ಸೋಪಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗುವ ಮೊದಲೇ ಮತ್ತೆ ಒತ್ತಿ ಉಜ್ಜಿ. ನೀರಿನಲ್ಲಿ ನೆನೆಸಬೇಡಿ, ಒಳಗಿನ ಅಂಟು ಬಿಡುತ್ತದೆ.

ಹಳೆಯ ಕ್ಯೂ ಕೊಳ್ಳುವವರಿಗೆ

ಬೆಂಗಳೂರಿನಲ್ಲಿ ಓದಿ ಊರಿಗೆ ಮರಳಿದವರ ಬಳಿ ಒಳ್ಳೆಯ ಕ್ಯೂಗಳು ಅರ್ಧ ಬೆಲೆಗೆ ಸಿಗುವುದುಂಟು. ಹಿಡಿಕೆಯ ಎರಡೂ ಅಂಚಿನ ಮೇಲೆ ಬೆರಳಾಡಿಸಿ. ಮೆಟ್ಟಿಲು ಇರಬಾರದು, ದಾರದ ತುದಿ ಎದ್ದಿರಬಾರದು. ಚರ್ಮವಾದರೆ ಕೂಡುಗೆರೆ ನೋಡಿ, ಮೂಸಿ ನೋಡಿ. ಒಮ್ಮೆ ಒಳಗಿನಿಂದ ಬೂಷ್ಟು ಹಿಡಿದ ಚರ್ಮದ ವಾಸನೆ ಹೋಗುವುದಿಲ್ಲ. ಇಡೀ ಕ್ಯೂ ಹಳತಾಗಿದ್ದು ಸುತ್ತು ಮಾತ್ರ ಹೊಚ್ಚ ಹೊಸದಾಗಿದ್ದರೆ ಏಕೆ ಬದಲಿಸಿದರು ಎಂದು ಕೇಳಿ. ಬಿರುಕನ್ನು ಮುಚ್ಚಲು ಸುತ್ತಿಗಿಂತ ಅನುಕೂಲದ ಜಾಗ ಕ್ಯೂವಿನಲ್ಲಿ ಇನ್ನೊಂದಿಲ್ಲ. ಬಟ್ಟನ್ನು ಎರಡು ಬೆರಳಲ್ಲಿ ಸಡಿಲವಾಗಿ ತೂಗಿ ಹಿಡಿದು ಗೆಣ್ಣಿನಿಂದ ತಟ್ಟಿ. ಗಟ್ಟಿ ಮರದ ಒಂದೇ ಸದ್ದು ಬಂದರೆ ಸರಿ. ಗಿರ್ರೆನ್ನುವ ಕಂಪನ ಸೇರಿಕೊಂಡರೆ ತಿರುಪು, ತುದಿಯ ರಬ್ಬರ್ ಗುಂಡಿ, ಒಳಗಿನ ತೂಕದ ಬೋಲ್ಟು ಬಿಗಿಯಾಗಿವೆಯೇ ಎಂದು ನೋಡಿ, ಮತ್ತೊಮ್ಮೆ ತಟ್ಟಿ. ಆಗಲೂ ಬಂದರೆ ಕೊಳ್ಳಬೇಡಿ.